ಶಾಲೆ ನಿಂತಿರುವುದು ಯಾವುದರ ಮೇಲೆ?

ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಬಂತೆಂದರೆ ದಹಿಸರ್‌ನ ಕನ್ನಡಿಗರಾದ ನಾವು ವಿಚಾರಿಸುವ ಸಂಗತಿಗಳು ಕೆಲವೇ: ಶುಲ್ಕವೆಷ್ಟು, ಎಸ್.ಎಸ್.ಸಿ. ಫಲಿತಾಂಶ ಹೇಗೆ, ಮನೆಯಿಂದ ದೂರವೆಷ್ಟು? ಮುಖ್ಯೋಪಾಧ್ಯಾಯರಿಗೂ ಅಧ್ಯಾಪಕರಿಗೂ ಪರಸ್ಪರ ನಂಬಿಕೆಯಿದೆಯೇ ಎಂದು ಕೇಳುವವರು ವಿರಳ. ಶಾಲೆಗಳ ಚರಿತ್ರೆಯನ್ನು ನೋಡಿದರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

1880ರಲ್ಲಿ ಪುಣೆಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ, ಬಾಲಗಂಗಾಧರ ತಿಲಕ ಮೊದಲಾದವರು ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ಆಗರಕರರೂ ಬಂದು ಸೇರಿಕೊಂಡರು. 1884ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ, ಮರುವರ್ಷವೇ ಫರ್ಗುಸನ್ ಕಾಲೇಜು ಹುಟ್ಟಿದವು. ಪಾಠ ಹೇಳುವವರೇ ಆಜೀವ ಸದಸ್ಯರಾಗಿ ಸಂಸ್ಥೆಯ ಹೊಣೆಯನ್ನೂ ಹೊತ್ತರು. ಆದರೆ ಸದಸ್ಯರಿಗೆ ಹೊರಗಿನ ಸಂಪಾದನೆ, ಹೊರಗಿನ ಕೆಲಸ ಕೂಡದೆಂದು ತಿಲಕರು. ಅಷ್ಟು ಬಿಗಿ ಬೇಡವೆಂದು ಇತರರು. 1890ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾದಾಗ ಈ ಬಿರುಕು ದೊಡ್ಡದಾಯಿತು. ತಿಲಕರು ರಾಜೀನಾಮೆಯಿತ್ತು ಹೊರನಡೆದರು. ಎಲ್ಲರೂ ತ್ಯಾಗಿಗಳೇ, ವಿದ್ವಾಂಸರೇ. ಆದರೂ ಒಬ್ಬರ ಉದ್ದೇಶದಲ್ಲಿ ಇನ್ನೊಬ್ಬರಿಗೆ ವಿಶ್ವಾಸ ಕುಂದಿದಾಗ ವಿದ್ವತ್ತು ಅವರನ್ನು ಒಟ್ಟಿಗೆ ಹಿಡಿದಿಡಲಾರದೆ ಹೋಯಿತು. ಸಂಸ್ಥೆ ಉಳಿಯಿತು, ಒಬ್ಬ ಸಮರ್ಥ ಗಣಿತಾಧ್ಯಾಪಕರನ್ನು ಕಳೆದುಕೊಂಡಿತು.

ಅಧ್ಯಾಪಕರೇ ಕಟ್ಟಿದ ಸಂಸ್ಥೆ ನಮ್ಮ ಕನ್ನಡ ನಾಡಿನಲ್ಲೂ ಉಂಟು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಬಸವನಾಳ, ಸಾಖರೆ ಮೊದಲಾದ ಏಳು ಮಂದಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಒಂದು ಶಾಲೆಯಿಂದ ಹೊರಟ ಆ ಸಂಸ್ಥೆ ಬೆಳೆದು ಶತಮಾನವನ್ನು ದಾಟಿದೆ. ಮೇಲಿರುವವನೂ ಕೆಳಗಿರುವವನೂ ಒಂದೇ ವ್ರತಕ್ಕೆ ಕಟ್ಟುಬಿದ್ದಲ್ಲಿ ಅಪ್ಪಣೆಯೂ ಸಲಹೆಯಂತೆ ಕೇಳಿಸುತ್ತದೆ.

ನಮ್ಮ ಮುಂಬಯಿಗೇ ಬಂದರೆ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ಅಕ್ಷರ ಕೊಟ್ಟದ್ದು ಕನ್ನಡ ರಾತ್ರಿ ಶಾಲೆಗಳು. ಮೊಗವೀರ ರಾತ್ರಿ ಶಾಲೆ 1908ರಷ್ಟು ಹಿಂದಿನದು. ದಣಿದು ಬಂದ ಹುಡುಗರ ಮುಂದೆ ರಾತ್ರಿ ಹೊತ್ತಿನಲ್ಲಿ ನಡೆಯುವ ಪಾಠವನ್ನು ಬರೇ ತಪಾಸಣೆಯಿಂದ ನಡೆಸಲಾದೀತೆ? ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ಕುಳಿತ ನಮಗೆ ಇದು ಚೆನ್ನಾಗಿ ಗೊತ್ತು: ಹಾಜರಿ ಪುಸ್ತಕ ಬಂದ ಹೊತ್ತನ್ನು ಹೇಳುತ್ತದೆ, ಮಾಡಿದ ಕೆಲಸವನ್ನು ಹೇಳುವುದಿಲ್ಲ.

ಈ ಮಾತಿಗೆ ಅಂಕಿಗಳ ಆಧಾರ ದೊರೆತದ್ದು ದೂರದ ಷಿಕಾಗೋದಲ್ಲಿ. ಆ ನಗರದ ಪ್ರಾಥಮಿಕ ಶಾಲೆಗಳನ್ನು 1990ರ ದಶಕದಲ್ಲಿ ವರ್ಷಗಟ್ಟಲೆ ಅಭ್ಯಸಿಸಿ ಆಂಟನಿ ಬ್ರಿಕ್ ಮತ್ತು ಬಾರ್ಬರಾ ಷ್ನೈಡರ್ 2002ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಪರಸ್ಪರ ನಂಬಿಕೆ ಬಲವಾಗಿದ್ದ ಶಾಲೆಗಳಲ್ಲಿ ಎರಡಕ್ಕೊಂದು ಸುಧಾರಿಸುವ ಸಂಭವವಿದ್ದರೆ, ನಂಬಿಕೆ ತೀರ ದುರ್ಬಲವಾಗಿದ್ದಲ್ಲಿ ಏಳಕ್ಕೊಂದು ಮಾತ್ರ. ನಂಬಿಕೆಗೆ ಅವರು ಗುರುತಿಸಿದ ಆಧಾರಗಳು ನಾಲ್ಕು: ಗೌರವ, ಕೆಲಸದ ಸಾಮರ್ಥ್ಯ, ಅಕ್ಕರೆ, ನುಡಿದಂತೆ ನಡೆಯುವುದು.

ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಈ ದಿನಗಳಲ್ಲಿ ಇದು ನಮಗೆ ಹೆಚ್ಚು ಮುಖ್ಯ. ವರ್ಗಗಳು ಕಡಿಮೆಯಾದರೆ ಯಾರ ಹುದ್ದೆ ಹೋಗುವುದೋ ಎಂಬ ಭಯ, ಭಯವಿದ್ದಲ್ಲಿ ಸಂಶಯ. 2009ರ ಶಿಕ್ಷಣ ಹಕ್ಕು ಕಾಯಿದೆಯು ಸರಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಪಾಲಕರಿಗೆ ಮುಕ್ಕಾಲು ಪಾಲು ಸ್ಥಾನವಿತ್ತಿದೆ. ಅಲ್ಲಿಗೆ ಹೋದಾಗ ಅಂಕಪಟ್ಟಿಯ ಜೊತೆಗೆ ಇನ್ನೊಂದನ್ನೂ ನಾವು ಗಮನಿಸೋಣ: ಮುಖ್ಯೋಪಾಧ್ಯಾಯರ ಎದುರಿನಲ್ಲಿ ಅಧ್ಯಾಪಕಿಯೊಬ್ಬರು ‘ಇದು ಸರಿಯಾಗುತ್ತಿಲ್ಲ’ ಎಂದು ಅಂಜದೆ ಹೇಳಬಲ್ಲರೇ? ಹೇಳಬಲ್ಲರಾದರೆ ಆ ಶಾಲೆಗೆ ಮಕ್ಕಳನ್ನು ನೆಮ್ಮದಿಯಿಂದ ಕಳುಹಿಸಬಹುದು.