ಬೇರಿಯಂ ಕ್ಲೋರೈಡ್: ಗುಣ, ತಯಾರಿಕೆ, ಬಳಕೆ – ಘಟ್ಟಿಹೊಸಹಳ್ಳಿಯ ಬೆರೈಟ್ ಹಿನ್ನೆಲೆಯಲ್ಲಿ

ಬೇರಿಯಂ ಕ್ಲೋರೈಡ್ ಬಿಳಿಯ, ನೀರಿನಲ್ಲಿ ಸಲೀಸಾಗಿ ಕರಗುವ ವಿಷಲವಣ. ಕಾರ್ಖಾನೆಗಳು ಇದನ್ನು ಬೆರೈಟ್ ಖನಿಜದಿಂದ, ಎಂದರೆ ಬೇರಿಯಂ ಸಲ್ಫೇಟಿನಿಂದ ತಯಾರಿಸುತ್ತವೆ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಘಟ್ಟಿಹೊಸಹಳ್ಳಿಯಲ್ಲಿ ಬೆರೈಟ್, ಹಸಿರು ಅಭ್ರಕ ಬೆರೆತ ಕ್ವಾರ್ಟ್ಜೈಟ್ ಶಿಲೆಯೊಡನೆ ಪದರಪದರವಾಗಿ ಕಾಣಸಿಗುತ್ತದೆ. ಬಿ.ಪಿ. ರಾಧಾಕೃಷ್ಣ ಮತ್ತು ಸಿ. ಶ್ರೀನಿವಾಸಯ್ಯ 1974ರಲ್ಲಿ ಕರ್ನಾಟಕದ ಈ ಪದರ ಬೆರೈಟನ್ನು ವರದಿ ಮಾಡಿದರು. ಈ ಶಿಲೆಗಳ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಕೈಗೆತ್ತಿಕೊಂಡರೆ ತೂಕವೇ ಕಲ್ಲಿನ ಗುರುತು ಹೇಳುತ್ತದೆ: ಬೆಣಚುಕಲ್ಲಿನ ಸಾಪೇಕ್ಷ ಸಾಂದ್ರತೆ 2.65, ಬೆರೈಟಿನದು ಸುಮಾರು 4.5. ಆದರೂ ಘಟ್ಟಿಹೊಸಹಳ್ಳಿಯ ಮಹತ್ವವಿರುವುದು ಭೂವಿಜ್ಞಾನಕ್ಕೆ. ದೇಶದ ಉದ್ಯಮಕ್ಕೆ ಬೆರೈಟ್ ಹೆಚ್ಚಾಗಿ ಬರುವುದು ಆಂಧ್ರಪ್ರದೇಶದ ಮಂಗಂಪೇಟೆಯಿಂದ.

ಬೆರೈಟ್ ವಿಷವಲ್ಲ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು ಎರಡೂವರೆ ಮಿಲಿಗ್ರಾಂನಷ್ಟು ಮಾತ್ರ. ಹಾಗಾಗಿಯೇ ಎಕ್ಸ್‌-ರೇ ತೆಗೆಯುವ ಮುನ್ನ ರೋಗಿಗೆ ಶುದ್ಧ ಬೇರಿಯಂ ಸಲ್ಫೇಟನ್ನು ಕುಡಿಸಬಹುದು. ಕ್ಲೋರೈಡ್ ಮಾತ್ರ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 36 ಗ್ರಾಂ ಕರಗುತ್ತದೆ. ವಿಷದ ಪ್ರಶ್ನೆ ಇತ್ಯರ್ಥವಾಗುವುದು ಈ ಕರಗುವಿಕೆಯಲ್ಲೇ. ಬೇರಿಯಂ ಕಾರ್ಬೊನೇಟ್ ನೀರಿನಲ್ಲಿ ಹೆಚ್ಚು ಕರಗದಿದ್ದರೂ ಜಠರದ ಆಮ್ಲದಲ್ಲಿ ಕರಗುತ್ತದೆ. 2003ರಲ್ಲಿ ಬ್ರೆಜಿಲ್‌ನಲ್ಲಿ ಎಕ್ಸ್‌-ರೇ ದ್ರಾವಣದಲ್ಲಿ ಅದು ಬೆರೆತು ರೋಗಿಗಳು ಸತ್ತರು.

ತಯಾರಿಕೆಯಲ್ಲಿ ಬೆರೈಟ್ ಪುಡಿಯನ್ನು ಕಲ್ಲಿದ್ದಲಿನೊಡನೆ ಸುತ್ತುವ ಕುಲುಮೆಯಲ್ಲಿ ಸುಮಾರು 1,100 ಡಿಗ್ರಿಗೆ ಕಾಯಿಸುತ್ತಾರೆ. ಇಂಗಾಲ ಆಮ್ಲಜನಕವನ್ನು ಕಿತ್ತುಕೊಂಡು, ಬೇರಿಯಂ ಸಲ್ಫೈಡ್ ಇರುವ ಕಪ್ಪು ಬೂದಿ ಉಳಿಯುತ್ತದೆ. ಬಿಸಿನೀರಿನಲ್ಲಿ ಅದನ್ನು ಕರಗಿಸಿ, ಸೋಸಿ, ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಬೇರಿಯಂ ಕ್ಲೋರೈಡ್ ಸಿದ್ಧ. ಹೊರಬರುವ ಹೈಡ್ರೋಜನ್ ಸಲ್ಫೈಡ್ ಅನಿಲವೂ ಮಾರಕವಾದ್ದರಿಂದ ಅದನ್ನು ಹೀರಿಸಿಕೊಳ್ಳುವ ವ್ಯವಸ್ಥೆ ಬೇಕೇ ಬೇಕು. ದ್ರಾವಣವನ್ನು ಬತ್ತಿಸಿದಾಗ ಎರಡು ನೀರಿನ ಅಣುಗಳಿರುವ ಹರಳು ದೊರೆಯುತ್ತದೆ. ನೀರು ಕಳೆದುಕೊಂಡ ಲವಣ ಕರಗಿ ದ್ರವವಾಗುವುದು 962 ಡಿಗ್ರಿಯಲ್ಲಿ.

ದೇಹ ಸೇರಿದ ಬೇರಿಯಂ ಅಯಾನು ಜೀವಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ದಾರಿಯನ್ನು ಮುಚ್ಚುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ವಾಂತಿ, ಭೇದಿ, ಸ್ನಾಯುಗಳ ನಿಶ್ಶಕ್ತಿ, ಹೃದಯ ಬಡಿತದ ಏರುಪೇರು ಕಾಣಿಸಿಕೊಳ್ಳುತ್ತವೆ. ಒಂದೆರಡು ಗ್ರಾಂ ಲವಣವೂ ಪ್ರಾಣಾಪಾಯ ತರಬಲ್ಲದು. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ ತುಂಬುವುದರ ಜೊತೆಗೆ ಸೋಡಿಯಂ ಅಥವಾ ಮೆಗ್ನೀಸಿಯಂ ಸಲ್ಫೇಟ್ ಕುಡಿಸುತ್ತಾರೆ. ಕರುಳಿನಲ್ಲಿ ಉಳಿದ ವಿಷ ಇದರಿಂದ ಮತ್ತೆ ಕರಗದ ಸಲ್ಫೇಟಾಗುತ್ತದೆ.

ಕಾಸ್ಟಿಕ್ ಸೋಡಾ ಕಾರ್ಖಾನೆಗಳಲ್ಲಿ ಉಪ್ಪುನೀರಿನ ಸಲ್ಫೇಟ್ ತೆಗೆಯಲು, ಉಕ್ಕನ್ನು ಹದಗೊಳಿಸುವ ಲವಣದ ತೊಟ್ಟಿಗಳಲ್ಲಿ, ವರ್ಣದ್ರವ್ಯಗಳಲ್ಲಿ ಬೇರಿಯಂ ಕ್ಲೋರೈಡ್ ಬಳಕೆಯಲ್ಲಿದೆ. ಪಟಾಕಿಯ ಹಸಿರು ಬೆಳಕಿಗೆ ಸಾಮಾನ್ಯವಾಗಿ ಬಳಸುತ್ತಿದ್ದುದು ಬೇರಿಯಂ ನೈಟ್ರೇಟ್. ಪಟಾಕಿಗಳಲ್ಲಿ ಬೇರಿಯಂ ಲವಣಗಳನ್ನು ಸುಪ್ರೀಂ ಕೋರ್ಟ್ 2018ರಲ್ಲಿ ನಿಷೇಧಿಸಿತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ವಿದ್ಯಾರ್ಥಿಗಳಿಗೆ ಈ ಲವಣದ ಪರಿಚಯ ಹತ್ತನೇ ತರಗತಿಯ ವಿಜ್ಞಾನ ಪಾಠದಿಂದಲೇ ಇದೆ. ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಬೆರೆಸಿದ ಕೂಡಲೇ ಪ್ರನಾಳದಲ್ಲಿ ಬಿಳಿ ಪ್ರಕ್ಷೇಪ ಕಟ್ಟುತ್ತದೆ. ರಾಸಾಯನಿಕವಾಗಿ ಅದು ಘಟ್ಟಿಹೊಸಹಳ್ಳಿಯ ಕಲ್ಲಿನ ಬೆರೈಟೇ. ಪ್ರಯೋಗಾಲಯದಲ್ಲಿ ಮಿಕ್ಕ ಬೇರಿಯಂ ದ್ರಾವಣವನ್ನು ಹಾಗೆಯೇ ಸಿಂಕಿಗೆ ಸುರಿಯದೆ, ಹೊಸ ಪ್ರಕ್ಷೇಪ ಬೀಳುವುದು ನಿಲ್ಲುವವರೆಗೆ ಸೋಡಿಯಂ ಸಲ್ಫೇಟ್ ಹಾಕಿ, ಸೋಸಿ ವಿಲೇವಾರಿ ಮಾಡಬೇಕು.