ಪೀಠ ತೊರೆದ ಧರ್ಮಾಧ್ಯಕ್ಷ: ಕೊಯಮತ್ತೂರು ಮಿಷನ್‌ನಲ್ಲಿ ದೈವಕರೆ ಮತ್ತು ಕರುಣೆಯ ಪ್ರಶ್ನೆ

ವೆಳ್ಳಿಯಂಗಿರಿ ಬೆಟ್ಟದ ಬುಡದ ತೊಂಡಾಮುತ್ತೂರಿನಿಂದ ಪೂರ್ವಕ್ಕೆ ಹೊರಟು ಕೊಯಮತ್ತೂರು ನಗರವನ್ನು ದಾಟಿದರೆ ಕರುಮತ್ತಂಪಟ್ಟಿ ಸಿಗುತ್ತದೆ. 17ನೇ ಶತಮಾನದ ಜೆಸ್ವಿಟರ ಕಾಲದಿಂದಲೂ ಕೊಂಗುನಾಡಿನ ಕಥೋಲಿಕರಿಗೆ ಅದು ಹಿರಿಯ ನೆಲೆ. 1799ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಗೆ ಸೇರಿತ್ತು. ಇಲ್ಲಿನ ಒಕ್ಕಲಿಗ, ದೇವಾಂಗ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಸುತ್ತದೆ. ಮೈಸೂರು, ಕೊಯಮತ್ತೂರು ಮಿಷನ್‌ಗಳು ಪುದುಚೇರಿಯಿಂದ ಬೇರೆಯಾದದ್ದೂ ಜೊತೆಯಲ್ಲೇ, 1845ರಲ್ಲಿ. ಮೈಸೂರಿನ ಧರ್ಮಾಧ್ಯಕ್ಷ ಶಾರ್ಬೊನೊ ಅವರನ್ನು ಕನ್ನಡ–ಲ್ಯಾಟಿನ್ ನಿಘಂಟುಗಳ ನೆಪದಲ್ಲಾದರೂ ನಾವು ನೆನೆಯುತ್ತೇವೆ. ಅವರ ಸಮಕಾಲೀನರಾದ ಕೊಯಮತ್ತೂರಿನ ಮೆಲ್ಷಿಯೋರ್ ದ ಮರಿಯೋನ್ ಬ್ರೆಸಿಯಾಕ್ ಮಾತ್ರ ನಮ್ಮ ಚರಿತ್ರೆಯ ಅಂಚಿನಲ್ಲೇ ಉಳಿದಿದ್ದಾರೆ.

ದೈವಕರೆ ಎಂದರೆ ಗುರುಮಠದ ಬಾಗಿಲಲ್ಲಿ ಒಮ್ಮೆ ಕೇಳಿ ಮುಗಿಯುವ ದನಿ ಎಂಬ ಗ್ರಹಿಕೆ ಭಕ್ತಿಸಾಹಿತ್ಯದಲ್ಲಿ ಬೇರೂರಿದೆ. ಬ್ರೆಸಿಯಾಕರ ಪ್ರಕರಣ ಅದನ್ನು ಒಪ್ಪುವುದಿಲ್ಲ. ಅವರ ವಿವೇಚನೆ ಗುರುದೀಕ್ಷೆಯ ನಂತರ, ಧರ್ಮಾಧ್ಯಕ್ಷ ಪದವಿಯ ನಂತರವೂ ನಡೆಯಿತು. ಅದನ್ನು ನಡೆಸಿದ್ದು ಒಳಗಿನ ಭಾವಾವೇಶಕ್ಕಿಂತ ಹೆಚ್ಚಾಗಿ ಎರಡು ಹೊರಗಿನ ಪ್ರಶ್ನೆಗಳು: ಇಲ್ಲಿ ಗುರುವಾಗುವವರು ಯಾರು? ಗುರು ಯಾರ ಮನೆಯೊಳಗೆ ಕಾಲಿಡುತ್ತಾನೆ?

1813ರಲ್ಲಿ ಫ್ರಾನ್ಸಿನ ಕಾಸ್ಟೆಲ್‌ನೋದರಿಯಲ್ಲಿ ಹುಟ್ಟಿದ ಬ್ರೆಸಿಯಾಕ್ 1838ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಮೂಲಕ 1842ರಲ್ಲಿ ಪುದುಚೇರಿಗೆ ಬಂದರು. 1844ರ ಪುದುಚೇರಿ ಸಿನೊಡ್ ಸ್ಥಳೀಯ ಗುರುವರ್ಗದ ಅಗತ್ಯವನ್ನು ಎತ್ತಿ ಹಿಡಿಯಿತು. ಮರುವರ್ಷದ ನವೆಂಬರ್ 23ರಂದು ಮಿಷನ್‌ಗಳ ಉಸ್ತುವಾರಿ ಹೊತ್ತ ರೋಮಿನ ಪ್ರೊಪಗಾಂಡ ಸಭೆಯೂ ಅದೇ ಆಶಯದ ಆದೇಶ ಹೊರಡಿಸಿತು. ಕಾಗದದ ಮೇಲೆ ಎಲ್ಲವೂ ಇತ್ತು. ಆದರೆ ಭಾರತೀಯ ಗುರುಗಳನ್ನು ತಮ್ಮ ಸಮಾನರೆಂದು ನಡೆಸಿಕೊಳ್ಳಲು ಯೂರೋಪಿನ ಮಿಷನರಿಗಳಲ್ಲಿ ಅನೇಕರ ಮನಸ್ಸು ಬಗ್ಗಲಿಲ್ಲ. 1846ರ ಅಕ್ಟೋಬರ್ 4ರಂದು ಕರುಮತ್ತಂಪಟ್ಟಿಯಲ್ಲಿ ಧರ್ಮಾಧ್ಯಕ್ಷ ದೀಕ್ಷೆ ಪಡೆದ ಬ್ರೆಸಿಯಾಕರಿಗೆ ಮೊದಲ ಪೆಟ್ಟು ಬಿದ್ದದ್ದು ಈ ವಿಷಯದಲ್ಲೇ.

ಎರಡನೆಯ ಪೆಟ್ಟು ಇನ್ನೂ ಆಳದ್ದು. ಮೇಲುಜಾತಿಯ ಕ್ರೈಸ್ತರ ನಡುವೆ ಓಡಾಡುವ ಗುರು ಅಸ್ಪೃಶ್ಯರೆನಿಸಿದ ಪರೆಯರ ಗುಡಿಸಲೊಳಗೆ ಹೋಗದಿರುವ ರೂಢಿ ಹಳೆಯ ಮಿಷನ್‌ನಲ್ಲಿತ್ತು. ಸಾಯುವ ಸ್ಥಿತಿಯಲ್ಲಿದ್ದ ರೋಗಿಯನ್ನೇ ಹೊತ್ತು ದೇವಾಲಯಕ್ಕೋ, ಮನೆಯಾಚೆಯ ಬೇರೊಂದು ಜಾಗಕ್ಕೋ ತರಬೇಕು, ಆಮೇಲೆ ಅಂತಿಮ ಅಭ್ಯಂಗ. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋನ್ ಪುದುಚೇರಿಯಲ್ಲಿ ಈ ಪದ್ಧತಿಯನ್ನು ಖಂಡಿಸಿ, ಗುರುವೇ ರೋಗಿಯ ಮನೆಗೆ ಹೋಗಬೇಕೆಂದು ಆಜ್ಞೆ ಮಾಡಿದರು. 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಆ ವಿವಾದಕ್ಕೆ ತೆರೆ ಎಳೆಯಲು ನೋಡಿದರು: ಪರೆಯರಿಗಾಗಿಯೇ ಪ್ರತ್ಯೇಕ ಮಿಷನರಿಗಳನ್ನು ನೇಮಿಸುವ ಜೆಸ್ವಿಟರ ಸಲಹೆಗೆ ಸಮ್ಮತಿ ಕೊಟ್ಟರು. ರೋಗಿಗೆ ಸಂಸ್ಕಾರ ಸಿಕ್ಕಿತು, ಜಾತಿಯ ಗೆರೆ ಅಳಿಯಲಿಲ್ಲ. ಕರುಣೆಯನ್ನು ಹೀಗೆ ಇಬ್ಬರು ಗುರುಗಳ ನಡುವೆ ಹಂಚಿಬಿಟ್ಟದ್ದು ರಾಜಿಯೇ ಹೊರತು ಪರಿಹಾರವಲ್ಲ ಎಂದೇ ನನ್ನ ಅಭಿಪ್ರಾಯ.

ಜಾತಿ, ಆಚರಣೆಗಳ ಕುರಿತ ಈ ನಿಯಮಗಳಿಗೆ ಬದ್ಧರಾಗಿರುತ್ತೇವೆಂದು ಮಿಷನರಿಗಳು ಪ್ರಮಾಣ ಮಾಡಬೇಕಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ ಒಬ್ಬೊಬ್ಬರೂ ಅದಕ್ಕೆ ಒಂದೊಂದು ಅರ್ಥ ಹಚ್ಚುತ್ತಿದ್ದರು. ಯಾವ ಆಚರಣೆ ಸಮಾಜದ್ದು, ಯಾವುದು ಮೂಢನಂಬಿಕೆ ಎಂಬುದು ಊರಿಂದೂರಿಗೆ ಬದಲಾಗುತ್ತಿತ್ತು. ಪ್ರಮಾಣವನ್ನು ಅಕ್ಷರಶಃ ಪಾಲಿಸಿದರೆ ಜನ ದೂರವಾಗುತ್ತಾರೆ, ಸಡಿಲಿಸಿದರೆ ಆತ್ಮಸಾಕ್ಷಿ ಬಿಡುವುದಿಲ್ಲ. ಬ್ರೆಸಿಯಾಕ್ ರೋಮಿನಿಂದ ಸ್ಪಷ್ಟ ಮಾತನ್ನು ಬೇಡಿದರು. 1854ರಲ್ಲಿ ತಾವೇ ಅಲ್ಲಿಗೆ ಹೊರಟರು. 1855ರಲ್ಲಿ ಅವರ ರಾಜೀನಾಮೆ ಅಂಗೀಕಾರವಾಯಿತು.

ಇಗ್ನೇಷಿಯಸ್ ಲೊಯೊಲಾ ಅವರ 1548ರ ‘ಆಧ್ಯಾತ್ಮಿಕ ಸಾಧನೆಗಳು’ ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರವನ್ನು ಬದಲಿಸಬಾರದೆಂದು ವಿಧಿಸುತ್ತದೆ. ಈ ಅಳತೆಗೋಲಿನಲ್ಲಿ ಬ್ರೆಸಿಯಾಕರದು ತಪ್ಪು ಹೆಜ್ಜೆಯೆಂದು ವಾದಿಸಬಹುದು. ಆದರೆ ಅದು ಒಂದು ಕುಗ್ಗಿದ ದಿನದ ನಿರ್ಧಾರವಲ್ಲ. ವರ್ಷಗಟ್ಟಲೆ ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಹೋದದ್ದರ ಫಲ. ಅವರು ಬಿಟ್ಟದ್ದು ಪೀಠವನ್ನು, ಮಿಷನರಿ ಕರೆಯನ್ನಲ್ಲ. 1856ರ ಡಿಸೆಂಬರ್ 8ರಂದು ಫ್ರಾನ್ಸಿನ ಲಿಯೋನಿನಲ್ಲಿ ಆಫ್ರಿಕನ್ ಮಿಷನ್ ಸಭೆಯನ್ನು ಸ್ಥಾಪಿಸಿದರು. 1859ರ ಮೇ ತಿಂಗಳಲ್ಲಿ ಸಿಯೆರಾ ಲಿಯೋನಿನ ಫ್ರೀಟೌನ್ ತಲುಪಿ, ಜೂನ್ 25ರಂದು ಹಳದಿ ಜ್ವರಕ್ಕೆ ಬಲಿಯಾದರು. 2020ರಲ್ಲಿ ಪೋಪ್ ಫ್ರಾನ್ಸಿಸ್ ಬ್ರೆಸಿಯಾಕರ ಸದ್ಗುಣಗಳನ್ನು ಅಧಿಕೃತವಾಗಿ ಮಾನ್ಯ ಮಾಡಿದರು.

ಆದರೂ ಒಂದು ಆಕ್ಷೇಪವನ್ನು ದಾಖಲಿಸಲೇಬೇಕು. ಧರ್ಮಾಧ್ಯಕ್ಷರ ಆತ್ಮಸಾಕ್ಷಿ ಹಗುರಾದದ್ದರಿಂದ ಕೊಂಗುನಾಡಿನ ಪರೆಯ ಕ್ರೈಸ್ತರಿಗೆ ಏನೂ ದಕ್ಕಲಿಲ್ಲ. ಅವರು ಇದ್ದ ಕಡೆಯೇ ಇದ್ದರು, ಹಡಗು ಹತ್ತಿದ್ದು ಧರ್ಮಾಧ್ಯಕ್ಷರು ಮಾತ್ರ. ಕರೆಯನ್ನು ಒಬ್ಬ ವ್ಯಕ್ತಿಯ ಬದುಕಿನ ಕಥೆಯಾಗಿ ಮಾತ್ರ ಓದುವ ಬರಹಗಳು ಈ ಮಾತನ್ನು ಹಾರಿಸಿಬಿಡುತ್ತವೆ. ಅದೇ ಮಿಷನ್‌ನಲ್ಲಿ ಅವರ ಅವಧಿಯಲ್ಲೇ, 1853ರಲ್ಲಿ, ಜೋಸೆಫ್ ಲೂಯಿ ರವೆಲ್ ಎಂಬ ಗುರು ಕೊಯಮತ್ತೂರಿನಲ್ಲಿ ಕನ್ಯಾಸ್ತ್ರೀಯರ ಸಭೆಯೊಂದನ್ನು ಕಟ್ಟಿದರು. ಶಾಲೆಗಳ ಮೂಲಕ ಬೆಳೆದ ಆ ಪ್ರೆಸೆಂಟೇಶನ್ ಸಭೆ ಇಂದಿಗೂ ನಡೆಯುತ್ತಿದೆ. ಊರಲ್ಲೇ ನಿಂತು ಕೆಲಸ ಮಾಡಿದ ಈ ಹೆಣ್ಣುಮಕ್ಕಳ ವಿವೇಚನೆಯ ಬಗ್ಗೆ, ಧರ್ಮಾಧ್ಯಕ್ಷರ ದಿನಚರಿಯಷ್ಟು ವಿವರವಾದ ಅಧ್ಯಯನ ಕನ್ನಡದಲ್ಲಿ ಇನ್ನೂ ಆಗಬೇಕಿದೆ.

ಇಲ್ಲಿ ಗುರುವಾಗುವವರು ಯಾರು ಎಂಬ ಬ್ರೆಸಿಯಾಕರ ಮೊದಲ ಪ್ರಶ್ನೆಗೆ ಕೊಯಮತ್ತೂರು ಉತ್ತರ ಕೊಟ್ಟದ್ದು ಬಹಳ ತಡವಾಗಿ. ಆ ಪೀಠಕ್ಕೆ ಮೊದಲ ಭಾರತೀಯ ಧರ್ಮಾಧ್ಯಕ್ಷರಾಗಿ ಉಬಗಾರಸ್ವಾಮಿ ಬರ್ನದೋತ್ ನೇಮಕವಾದದ್ದು 1940ರಲ್ಲಿ, ಬ್ರೆಸಿಯಾಕ್ ರಾಜೀನಾಮೆ ಕೊಟ್ಟ 85 ವರ್ಷಗಳ ಮೇಲೆ.