ಹಳೆಯ ನಕ್ಷೆಯಲ್ಲಿ ನಾರಾಯಣಪುರ

ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರಕ್ಕೆ ಹೋದವರು ಚಾಲುಕ್ಯರ ಕಾಲದ ಶಿವಾಲಯ ನೋಡಿ ಮರಳುತ್ತಾರೆ. ಗುಡಿಯ ಬಗ್ಗೆ ಬರೆದವರಿದ್ದಾರೆ. ಆದರೆ ಊರಿಗೆ ನೀರು ಎಲ್ಲಿಂದ ಬರುತ್ತಿತ್ತು, ಬಂಡಿಗಳು ಯಾವ ದಾರಿ ಹಿಡಿಯುತ್ತಿದ್ದವು ಎಂಬುದನ್ನು ಶಾಸನ ಹೇಳುವುದು ಅಪರೂಪ. ಅದನ್ನು ಹುಡುಕಲು ನಮ್ಮಲ್ಲಿ ಇನ್ನೂ ಸಾಕಷ್ಟು ಬಳಕೆಯಾಗದ ಆಕರವೆಂದರೆ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು, ಅಂದರೆ ಸ್ಥಳಾಕೃತಿ ನಕ್ಷೆಯ ಹಾಳೆಗಳು.

ಈ ನಕ್ಷೆಗಳ ಬುನಾದಿಯ ಒಂದು ಕಲ್ಲು ಬಿದ್ದದ್ದು ಬೀದರ್ ಸೀಮೆಯಲ್ಲೇ. 1802ರಲ್ಲಿ ಮದ್ರಾಸಿನಿಂದ ತ್ರಿಕೋನಮಿತಿ ಸರ್ವೆ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, 1815ರಲ್ಲಿ ಬೀದರಿನ ಆಚೆಯ ದಾಮರಗಿಡ್ಡದ ಬಳಿ ತ್ರಿಕೋನಗಳ ಲೆಕ್ಕಕ್ಕೆ ಬೇಕಾದ ಆಧಾರರೇಖೆ ಅಳೆದ. ಸರ್ವೇಯರ್ ಜನರಲ್ ಜಾರ್ಜ್ ಎವರೆಸ್ಟನ ಕಾಲದಲ್ಲಿ, 1841ರಲ್ಲಿ, ಆಂಡ್ರ್ಯೂ ವಾ ಬೀದರ್ ರೇಖೆಯನ್ನು ಹೊಸದಾಗಿ ಅಳೆದ. ಬಿಸಿಲಿಗೆ ಲೋಹ ಹಿಗ್ಗಿದರೂ ಲೆಕ್ಕ ತಪ್ಪದಂತೆ ಕಬ್ಬಿಣ ಮತ್ತು ಹಿತ್ತಾಳೆ ಜೋಡಿಸಿದ ಪಟ್ಟಿಗಳನ್ನು ಆಗ ಬಳಸಿದರು. 1904-05ರ ಸರ್ವೆ ಸಮಿತಿಯ ನಂತರ ಮೈಲಿಗೊಂದು ಇಂಚಿನ ಬಣ್ಣದ ಹಾಳೆಗಳು ಬಂದವು, ಸ್ವಾತಂತ್ರ್ಯಾನಂತರ ಅದೇ ಸರಣಿ 1:50,000 ಪ್ರಮಾಣಕ್ಕೆ ಬದಲಾಯಿತು.

ಬಸವಕಲ್ಯಾಣ 56 ಸಿ/13ನೇ ಹಾಳೆಯಲ್ಲಿದೆ, ಹುಮನಾಬಾದ್ 56 ಜಿ/1ರಲ್ಲಿ. 77 ಡಿಗ್ರಿ ರೇಖಾಂಶ ಎರಡರ ನಡುವೆ ಹಾದುಹೋಗುವುದರಿಂದ ಈ ಊರುಗಳ ನಡುವಿನ ಹಳೆಯ ದಾರಿ ಹುಡುಕುವವರು ಎರಡು ಹಾಳೆಗಳನ್ನೂ ಜೋಡಿಸಿಕೊಳ್ಳಬೇಕು. ಹಾಗೆ ಹರಡಿಕೊಂಡು ನಿಧಾನವಾಗಿ ಓದಿದರೆ ಅವುಗಳಲ್ಲಿ ಎಷ್ಟೊಂದು ಇದೆ! ಕಲ್ಲು ಕಟ್ಟಿದ ಬಾವಿಗೆ ಒಂದು ಗುರುತು, ಕಟ್ಟದ ಬಾವಿಗೆ ಇನ್ನೊಂದು. ಗುಡಿ, ದರ್ಗಾ, ಈದ್ಗಾ, ಗೋರಿಗಳಿಗೆ ಬೇರೆಬೇರೆ ಚಿಹ್ನೆಗಳು. ಕೆರೆಯ ಏರಿಯ ಪಕ್ಕದಲ್ಲಿ ‘5 ಆರ್’ ಎಂದಿದ್ದರೆ ಏರಿ ಸುತ್ತಲಿನ ನೆಲಕ್ಕಿಂತ ಅಷ್ಟು ಎತ್ತರವೆಂದು ಅರ್ಥ. ಈಗ ಹೂಳು ತುಂಬಿ ಹೊಲವಾದ ಕೆರೆಯ ಏರಿ ಹಿಂದೆ ಎಷ್ಟಿತ್ತೆಂದು ಆ ಒಂದು ಅಂಕಿ ತಿಳಿಸಬಲ್ಲದು. ಜನ ಬಿಟ್ಟುಹೋದ ಊರಿಗೂ ಗುರುತುಂಟು. ಕಂದಾಯದವರು ಬೇಚರಾಕ್ ಎನ್ನುವ ಗ್ರಾಮಗಳ ಪಟ್ಟಿಯೊಡನೆ ಅದನ್ನು ಹೋಲಿಸಿದರೆ ಬರ, ಪಿಡುಗು, ವಲಸೆಗಳ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎದ್ದುಬರುತ್ತವೆ.

ಇಂಗ್ಲೆಂಡಿನಲ್ಲಿ ಇಂಥ ಓದು ಬೇಗ ಬೆಳೆಯಿತು. ಅಲ್ಲಿನ ನಕ್ಷಾ ಸಂಸ್ಥೆ ಆರ್ಡ್ನೆನ್ಸ್ ಸರ್ವೆ 1920ರಲ್ಲೇ ಓ.ಜಿ.ಎಸ್. ಕ್ರಾಫರ್ಡ್ ಅವರನ್ನು ಪುರಾತತ್ವ ಅಧಿಕಾರಿಯಾಗಿ ನೇಮಿಸಿತು. 1954ರಲ್ಲಿ ಮಾರಿಸ್ ಬೆರೆಸ್ಫರ್ಡ್ ಕಣ್ಮರೆಯಾದ ಹಳ್ಳಿಗಳ ಮೇಲೆ ಪುಸ್ತಕ ಬರೆದರು. ನಮ್ಮಲ್ಲಿ ಬಹುಕಾಲ ನಕ್ಷೆ ಸ್ಮಾರಕದ ಜಾಗ ತೋರಿಸುವ ಕೆಲಸಕ್ಕಷ್ಟೇ ಸೀಮಿತವಾಗಿತ್ತು. ಈಚೆಗೆ ಗಾಳಿ ಬದಲಾಗಿದೆ. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರ ಗ್ರಂಥದಲ್ಲಿ ಕಲ್ಯಾಣ (ಇಂದಿನ ಬಸವಕಲ್ಯಾಣ), ರಾಯಚೂರು, ವಾರಂಗಲ್‌ಗಳನ್ನು ಸ್ಥಳದ ಚರಿತ್ರೆಯಾಗಿ ಓದಿದರು. ಬೀದರಿನ ನೌಬಾದ್ ಕರೇಜ್ ಎಂಬ ಸುರಂಗ ಕಾಲುವೆಯನ್ನು ಭೂಗೋಳತಜ್ಞ ವಿ. ಗೋವಿಂದನ್‌ಕುಟ್ಟಿ ನಕ್ಷೆ ಮತ್ತು ಕ್ಷೇತ್ರಕಾರ್ಯ ಸೇರಿಸಿ ಗುರುತಿಸಿದರು. ನೆಲದಡಿಯ ನೀರುದಾರಿಯನ್ನು ಮೇಲಿನ ಬಾವಿಗಳ ಸಾಲಿನಿಂದ ಹಿಡಿಯುವ ಆ ಕ್ರಮ ಕಲ್ಯಾಣದ ಸುತ್ತಲಿನ ಹಳ್ಳಿಗಳಿಗೂ ಬರಬೇಕೆಂಬುದು ನನ್ನ ಆಸೆ.

ಆದರೆ ಟೋಪೋಶೀಟನ್ನೇ ನಂಬಿ ಕೂತರೆ ಊರು ಅರ್ಧ ಮಾತ್ರ ಸಿಗುತ್ತದೆ. ಸೈನ್ಯ ಮತ್ತು ಆಡಳಿತಕ್ಕಾಗಿ ಮಾಡಿದ ಹಾಳೆಯಲ್ಲಿ ಮನೆಗಳು ಕೆಂಪು ಚುಕ್ಕೆಗಳು. ಯಾವುದು ಯಾರ ಕೇರಿ, ಯಾವ ಬಾವಿಯಲ್ಲಿ ಯಾರಿಗೆ ನೀರು ನಿಷೇಧವಾಗಿತ್ತು ಎಂಬುದು ಅಲ್ಲಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆಗೆ ಬೇರೆ ಕಾಗದಗಳೂ ಬೇಕು: ಗ್ರಾಮನಕ್ಷೆ, ಹೊಲಗಳ ಅಳತೆಯ ಟಿಪ್ಪಣ, ವಿಸ್ತೀರ್ಣ-ಕಂದಾಯದ ಆಕಾರಬಂದ್, ಒಡೆತನ-ಸಾಗುವಳಿ ದಾಖಲಿಸಿದ 1954-55ರ ಖಾಸ್ರಾ ಪಹಣಿ.

ಹಿಂದೆ ನಕ್ಷೆ ಪಡೆಯುವುದೇ ಸಾಹಸವಾಗಿತ್ತು. 2005ರ ರಾಷ್ಟ್ರೀಯ ನಕ್ಷಾ ನೀತಿ ಮತ್ತು 2021ರ ಭೂದತ್ತಾಂಶ ಮಾರ್ಗಸೂಚಿಗಳ ನಂತರ ನಿರ್ಬಂಧ ಸಡಿಲಾಗಿದೆ. ರಾಜ್ಯದ ಭೂದಾಖಲೆಗಳ ದಿಶಾಂಕ್ ಆ್ಯಪಿನಲ್ಲಿ ನಿಂತಲ್ಲೇ ಸರ್ವೆ ನಂಬರು ಸಿಗುತ್ತದೆ. ಆದರೆ ನೆಲವೂ ಬದಲಾಗಿದೆ. 2017ರಲ್ಲಿ ಪೂರ್ಣಗೊಂಡ ಬೀದರ್–ಕಲಬುರಗಿ ರೈಲುಮಾರ್ಗ ಹಳೆಯ ಹಾಳೆಯಲ್ಲಿ ಇಲ್ಲ. ಅದರಲ್ಲಿರುವ ಎಷ್ಟೋ ಬಂಡಿದಾರಿಗಳು ಈಗ ನೆಲದ ಮೇಲೆ ಇಲ್ಲ. ಆ ದಾರಿಗಳಲ್ಲಿ ಎತ್ತು ಹೊಡೆದವರು ಇನ್ನೂ ಊರಲ್ಲಿ ಇರುವಾಗಲೇ ಹಾಳೆಯನ್ನು ಅವರ ಮುಂದೆ ಬಿಡಿಸಿಟ್ಟು ಕೇಳಬೇಕು. ಆ ಕೆಲಸವನ್ನು ನಾರಾಯಣಪುರದ ಶಾಲೆಯ ಮಕ್ಕಳೇ ಮಾಡಬಹುದು.